ಹಾಳೆ ತಟ್ಟೆಯೂ ಸ್ಟೀಲ್ ಲೋಟವೂ

ಪ್ರತಿವರ್ಷ ಜೂನ್ 5ರಂದು ಶಾಲೆ-ಕಾಲೇಜುಗಳಲ್ಲಿ ಸಸಿ ನೆಡುವ ಕಾರ್ಯಕ್ರಮ ನಡೆಯುತ್ತದೆ; ಪರಿಸರದ ಮಹತ್ವವನ್ನು ಸಾರುವ ಭಾಷಣಗಳೂ ಆಗುತ್ತವೆ. ಆದರೆ ಮನುಷ್ಯನ ರೂಢಿ ರೂಪುಗೊಳ್ಳುವುದು ವರ್ಷಕ್ಕೊಮ್ಮೆ ಬರುವ ಆಚರಣೆಯಿಂದಲ್ಲ. ದಿನವೂ ಹೊಕ್ಕು ಹೊರಡುವ ಚಹಾದ ಹೋಟೆಲು, ಕ್ಷೌರದಂಗಡಿ, ದರ್ಜಿಯ ಅಂಗಡಿ, ಮದುವೆ ಊಟದ ಪಂಕ್ತಿ ಇವುಗಳಿಂದ. ಇಂತಹ ಸಣ್ಣ ಸೇವಾ ಉದ್ಯಮಗಳು ಮನಸ್ಸು ಮಾಡಿದರೆ ಉಪದೇಶದ ಹಂಗಿಲ್ಲದೆ ಪರಿಸರಪ್ರಜ್ಞೆಯನ್ನು ಬೆಳೆಸಬಲ್ಲವು. ಕಾಸರಗೋಡಿನ ಪೇಟೆ-ಹಳ್ಳಿಗಳಲ್ಲಿ ಅದಕ್ಕೆ ಬೇಕಾದ ಸಾಮಗ್ರಿಯೂ ಪರಂಪರೆಯೂ ಕೈಯಳತೆಯಲ್ಲಿಯೇ ಇವೆ.

ಏಕಬಳಕೆಯ ಪ್ಲಾಸ್ಟಿಕ್ಕನ್ನು ಕೇರಳ ಸರಕಾರ 2020ರ ಜನವರಿ 1ರಿಂದ ನಿಷೇಧಿಸಿತು. ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚಗಳ ಮೇಲಿನ ನಿಷೇಧ 2022ರ ಜುಲೈ 1ರಿಂದ ದೇಶಕ್ಕೆಲ್ಲ ಅನ್ವಯವಾಯಿತು. ಕಾನೂನು ವಸ್ತುವನ್ನು ನಿಷೇಧಿಸಬಲ್ಲದು. ಬಳಸಿ ಎಸೆಯುವ ಮನೋಭಾವವನ್ನು ನಿಷೇಧಿಸಲಾರದು. ಪ್ಲಾಸ್ಟಿಕ್ ಲೋಟದ ಸ್ಥಾನಕ್ಕೆ ಕಾಗದದ ಲೋಟ ಬಂದುದೇ ಇದಕ್ಕೆ ಸಾಕ್ಷಿ. ಸಾಮಾನ್ಯವಾಗಿ ಅದರ ಒಳಮೈಗೂ ಪ್ಲಾಸ್ಟಿಕ್ಕಿನ ತೆಳುಪದರವಿರುತ್ತದೆ. ಸ್ಟೀಲ್ ಅಥವಾ ಗಾಜಿನ ಲೋಟದಲ್ಲಿ ಚಹಾ ಕೊಡುವ ಹೋಟೆಲು ಮಾತ್ರ ಎಸೆಯುವ ಪ್ರಶ್ನೆಯನ್ನೇ ಏಳಗೊಡುವುದಿಲ್ಲ.

ಅಂಗಡಿಯ ಶಕ್ತಿ ಇರುವುದು ಗೋಡೆಗೆ ಅಂಟಿಸಿದ ಘೋಷಣೆಯಲ್ಲಲ್ಲ, ಅಲ್ಲಿ ಸಹಜವೆಂದು ಎಣಿಸಲ್ಪಡುವ ಪದ್ಧತಿಯಲ್ಲಿ. ಕೇಳದೆಯೇ ಚೀಲ ಕೊಡುವ ಅಂಗಡಿ ಒಂದು ರೂಢಿಯನ್ನು ಕಲಿಸುತ್ತದೆ, "ಪಾತ್ರೆ ತಂದಿದ್ದೀರಾ?" ಎಂದು ಮೊದಲು ವಿಚಾರಿಸಿ, ತಂದವರಿಗೆ ಪಾರ್ಸೆಲಿನ ಖರ್ಚನ್ನು ಬಿಟ್ಟುಕೊಡುವ ಹೋಟೆಲು ಇನ್ನೊಂದನ್ನು ಕಲಿಸುತ್ತದೆ. ಗಿರಾಕಿಯನ್ನು ಹೆಸರು ಹಿಡಿದು ಕರೆಯುವ ಸಲುಗೆ ದೊಡ್ಡ ಮಳಿಗೆಗಳಿಗಿಲ್ಲ. ಸಣ್ಣ ವ್ಯಾಪಾರಿಗೆ ಅದೇ ಬಂಡವಾಳ. ಆತ ನಗುಮೊಗದಿಂದ ಹೇಳಿದ ಒಂದು ಮಾತು ಸುತ್ತೋಲೆಗಿಂತ ಬೇಗ ಮನೆ ಮುಟ್ಟುತ್ತದೆ.

ಅಡಿಕೆಯ ನಾಡಾದ ಇಲ್ಲಿ ಹಾಳೆ ತಾನಾಗಿಯೇ ಉದುರುತ್ತದೆ. ಅದಕ್ಕಾಗಿ ಮರ ಕಡಿಯಬೇಕಿಲ್ಲ. ನೀರಿನಲ್ಲಿ ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ. ಹಾಳೆಯಿಂದ ಮುಟ್ಟಾಳೆ ಹೊಲಿದು ತಲೆಗಿಟ್ಟ ಜನರಿಗೆ ಇದು ಹೊಸ ವಿದ್ಯೆಯಲ್ಲ. ಆದರೂ ಹಾಳೆ ತಟ್ಟೆಯೂ ಒಮ್ಮೆ ಬಳಸಿ ಬಿಡುವ ವಸ್ತುವೇ. ಅದಕ್ಕಿಂತ ಮೇಲಾದ ಮಾದರಿ ಸಮಾರಂಭಗಳಿಗೆ ಪಾತ್ರೆ-ತಟ್ಟೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಯದು. ಕೊಡೆ ರಿಪೇರಿಯವನು, ಚಪ್ಪಲಿ ಹೊಲಿಯುವವನು, ಹಳೆಯ ಬಟ್ಟೆಯನ್ನು ಮಕ್ಕಳ ಅಳತೆಗೆ ಇಳಿಸಿ ಹೊಲಿಯುವ ದರ್ಜಿ, ಕೆಟ್ಟ ಮಿಕ್ಸಿಯನ್ನು ಸರಿಪಡಿಸುವವನು ಇವರೆಲ್ಲರೂ ವಸ್ತುವಿನ ಆಯುಷ್ಯವನ್ನು ಹೆಚ್ಚಿಸುವವರು. ಪರಿಸರದ ಚರ್ಚೆಯಲ್ಲಿ ಇವರ ಹೆಸರು ಕೇಳಿಬರುವುದು ವಿರಳ.

ಅಡ್ಡಿಗಳನ್ನು ಮರೆಮಾಚುವುದು ಸಲ್ಲದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನೆಲದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಬಾವಿಗಳು ಬತ್ತುತ್ತವೆ; ಆಗ ಲೋಟ ತೊಳೆಯುವ ನೀರೂ ಖರ್ಚಿನ ಬಾಬತ್ತೇ. ಒಬ್ಬನೇ ವ್ಯಾಪಾರಿ ಚೀಲ ನಿರಾಕರಿಸಿದರೆ ಗಿರಾಕಿ ಪಕ್ಕದಂಗಡಿಗೆ ನಡೆದಾನು. ಆದ್ದರಿಂದ ಒಂದು ಬೀದಿಯ ವ್ಯಾಪಾರಿಗಳೆಲ್ಲ ಒಟ್ಟಾಗಿ ನಿರ್ಧರಿಸುವುದು ಲೇಸು. ಹರಿತ ಕರ್ಮಸೇನೆಯ ಮಹಿಳೆಯರು ಬಂದಾಗ ಕೊಡಬೇಕಾದ ಶುಲ್ಕಕ್ಕೆ ಗೊಣಗಿ, ಕಸವನ್ನು ಅಂಗಡಿಯ ಹಿತ್ತಲಲ್ಲಿ ಸುಡುವವರು ಮುಂಬಾಗಿಲಿಗೆ ಹಸಿರು ಫಲಕ ತೂಗಿಸಿದರೂ ಪ್ರಯೋಜನವಿಲ್ಲ. ಕಸ ವಿಂಗಡಣೆಯ ಸೂಚನೆಗಳು ಕನ್ನಡದಲ್ಲಿಯೂ ಇರಬೇಕಾದುದು ಅಷ್ಟೇ ಮುಖ್ಯ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಸರಕಾರದೊಂದಿಗಿನ ವ್ಯವಹಾರದಲ್ಲಿ ಕನ್ನಡಿಗರ ಭಾಷೆಯನ್ನು ಮಾನ್ಯ ಮಾಡಿದೆ. ತಿಳಿಯದ ಭಾಷೆಯ ಸೂಚನೆಯನ್ನು ಪಾಲಿಸಲಿಲ್ಲವೆಂದು ಯಾರನ್ನೂ ದೂರುವುದು ನ್ಯಾಯವಲ್ಲ. ಆ ಸೂಚನೆಯನ್ನು ಕನ್ನಡದಲ್ಲಿ ಬರೆದು ತೂಗಿಸುವ ಅಂಗಡಿ ಭಾಷೆಗೂ ನೆಲಕ್ಕೂ ಒಟ್ಟಿಗೆ ಉಪಕರಿಸುತ್ತದೆ.

ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಸುರಿಸಿದ ಜಿಲ್ಲೆಯಲ್ಲಿ ಚಹಾದಂಗಡಿಯವನಿಗೆ ಪರಿಸರದ ಪಾಠ ಹೇಳುವುದು ಎಷ್ಟು ಸರಿ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ತೂಕದ್ದು. ದೊಡ್ಡವರ ಹೊಣೆಯನ್ನು ಸಣ್ಣವರ ತಲೆಗೆ ಕಟ್ಟಲಾಗದು. ಆದರೆ ನೆಲಕ್ಕೆ ಬಿದ್ದ ವಿಷ ಮನುಷ್ಯನ ದೇಹಕ್ಕೆ ಹಿಂದಿರುಗುತ್ತದೆಂಬುದನ್ನು ಅಷ್ಟು ಬೆಲೆ ತೆತ್ತು ಅರಿತ ನಾಡು ತನ್ನ ಕೈಯಲ್ಲಿರುವ ಕೆಲಸವನ್ನಾದರೂ ಬಿಡಬಾರದು. ಪಂಚಾಯತುಗಳು ಇಂತಹ ಅಂಗಡಿಗಳಿಗೆ ನೀರಿನ, ಪರವಾನಗಿ ಶುಲ್ಕದ ರಿಯಾಯಿತಿ ನೀಡಲಿ. ಗಿರಾಕಿಗಳು ಮನೆಯಿಂದ ಹೊರಡುವಾಗ ಒಂದು ಬಟ್ಟೆಚೀಲವನ್ನೂ ಒಂದು ಪಾತ್ರೆಯನ್ನೂ ಜತೆಗೊಯ್ಯಲಿ. ಉಳಿದುದನ್ನು ಸಣ್ಣ ಅಂಗಡಿಗಳು ನಡೆಸಿಕೊಡಬಲ್ಲವು.