ಕೂಸಿಗೆ ಭೇದಿ ನಿಲ್ಲಿಸುವ ಗುಳಿಗೆ ಬೇಡ

ಭೇದಿಗೆ ಲೋಪೆರಮೈಡ್ ಮನೆಯಲ್ಲಿರಲಿ, ಓಆರ್‌ಎಸ್ ಬರೀ ಉಪ್ಪುನೀರು ಎಂಬ ಲೇಖನ ಓದಿದೆ. ದೊಡ್ಡವರ ಬಸ್ ಪ್ರಯಾಣದ ಮಟ್ಟಿಗೆ ಸರಿ ಎನ್ನೋಣ. ಎಳೆಗೂಸುಗಳಿಗೆ ಇದು ಅಪಾಯದ ಸಲಹೆ. ಆ ಗುಳಿಗೆ ಕರುಳಿನ ಚಲನೆ ತಗ್ಗಿಸುತ್ತದೆ, ಕಳೆದುಹೋದ ನೀರನ್ನು ತುಂಬಿಕೊಡುವುದಿಲ್ಲ. ಭೇದಿಯಲ್ಲಿ ಕೂಸಿನ ಜೀವ ತೆಗೆಯುವುದು ಹೆಚ್ಚಾಗಿ ಆ ನೀರಿನ ಕೊರತೆಯೇ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಸಾವಿರಾರು ಜನರನ್ನು ಉಳಿಸಿದ್ದು ಈ ‘ಬರೀ’ ಉಪ್ಪುನೀರಿನಿಂದಲೇ!

ಬೇಮಳಖೇಡದ ತಾಯಂದಿರೇ, ಆಶಾ ಕಾರ್ಯಕರ್ತೆಯರು ಪುಕ್ಕಟೆ ಕೊಡುವ ಓಆರ್‌ಎಸ್‌ನ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ವಾಂತಿಯಾದರೆ ಹತ್ತು ನಿಮಿಷ ತಡೆದು ಚಮಚದಲ್ಲಿ ಮತ್ತೆ ಕುಡಿಸಿ. ಜೊತೆಗೆ 14 ದಿನ ಜಿಂಕ್ ಕೊಡಿ; ಎದೆಹಾಲು ನಿಲ್ಲಿಸಬೇಡಿ. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಮಂಪರು ಕಂಡರೆ ತಡಮಾಡದೆ ದವಾಖಾನೆಗೆ ಒಯ್ಯಿರಿ.