ಮಡಚೋ ಕುರ್ಚಿಗೆ ಎಷ್ಟು ಮಾರ್ಕ್ಸು?

ಗೇಮ್ ವಿಮರ್ಶೆಗಳ ಬಗ್ಗೆ ತುಂಬ ದಿನದಿಂದ ಬರೀಬೇಕು ಅಂದುಕೊಂಡಿದ್ದೆ. ಆಫೀಸಿನ ರಿಲೀಸು, ಆ ರಿಲೀಸಿನ ಬಗ್ಗುಗಳು ಅಂತ ಮುಂದಕ್ಕೆ ಹೋಗ್ತಾನೇ ಇತ್ತು. ಗೇಮ್ ಆಡದ ಗೆಳೆಯರೇ, ಓಡಿಹೋಗಬೇಡಿ :) ಸಿನಿಮಾ, ಪುಸ್ತಕ ಯಾವುದಕ್ಕೆ ಬೇಕಾದ್ರೂ ಹೊಂದೋ ಜಗಳ ಇದು. ಕಷ್ಟಪಟ್ಟು ಮಾಡಿದ ಕೆಲಸ ಅಂತ ವಿಮರ್ಶಕ ಒಂದೆರಡು ಮಾರ್ಕ್ಸು ಜಾಸ್ತಿ ಕೊಡಬೇಕಾ, ಬೇಡವಾ?

ಗೇಮಿನ ಹೆಸರು 'ಮೆಟ್ರೋ: ಲಾಸ್ಟ್ ಲೈಟ್'. 2013ರ ಮೇ ತಿಂಗಳಲ್ಲಿ ಬಂದದ್ದು, 2010ರ 'ಮೆಟ್ರೋ 2033'ರ ಮುಂದಿನ ಭಾಗ. ನಾನು ಆಡಿದ್ದು ಎಷ್ಟೋ ವರ್ಷ ತಡವಾಗಿ, ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ, ರೂಮ್‌ಮೇಟ್‌ನ ಲ್ಯಾಪ್‌ಟಾಪಿನಲ್ಲಿ. ಅಣುಯುದ್ಧ ಮುಗಿದಿದೆ, ನೆಲದ ಮೇಲಿನ ಗಾಳಿ ವಿಷ, ಉಳಿದ ಜನ ಮಾಸ್ಕೋದ ಮೆಟ್ರೋ ಸುರಂಗಗಳಲ್ಲಿ ಬದುಕ್ತಿದ್ದಾರೆ. ಒಂದೊಂದು ಸ್ಟೇಷನ್ನೂ ಒಂದೊಂದು ಊರು. ಒಳ್ಳೆಯ ಗುಂಡುಗಳೇ ಅಲ್ಲಿ ದುಡ್ಡು, ಅಂದರೆ ಶತ್ರುವಿಗೆ ಹೊಡೆದಾಗಲೆಲ್ಲ ನಿಮ್ಮ ಜೇಬು ಖಾಲಿಯಾಗ್ತಿರುತ್ತೆ! ಮೇಲಕ್ಕೆ ಹೋದರೆ ಗ್ಯಾಸ್ ಮಾಸ್ಕು, ಅದರ ಫಿಲ್ಟರು ಇನ್ನೆಷ್ಟು ನಿಮಿಷ ಅಂತ ಕೈಗಡಿಯಾರದಲ್ಲಿ ನೋಡ್ಕೋಬೇಕು. ಮಾಸ್ಕಿನ ಗಾಜಿನ ಮೇಲೆ ರಕ್ತವೋ ಕೆಸರೋ ಚಿಮ್ಮಿದರೆ ಒರೆಸೋಕೆ ಅಂತಲೇ ಒಂದು ಬಟನ್ ಇದೆ. ಥಿಯೇಟರ್ ಸ್ಟೇಷನ್ನಿನಲ್ಲಿ ಒಬ್ಬ ಕೈಬೆರಳಿನಲ್ಲಿ ಗೋಡೆ ಮೇಲೆ ಪ್ರಾಣಿಗಳ ನೆರಳು ಮಾಡಿ ಮಕ್ಕಳಿಗೆ ತೋರಿಸ್ತಿರ್ತಾನೆ. ಸುರಂಗದಲ್ಲೇ ಹುಟ್ಟಿದ ಮಕ್ಕಳು. ಆ ಪ್ರಾಣಿಗಳನ್ನ ನೋಡೇ ಇಲ್ಲ, ತಮಗೆ ಗೊತ್ತಿರೋ ರಾಕ್ಷಸ ಜಂತುಗಳ ಹೆಸರು ಹೇಳ್ತಾವೆ. ನಾನು ಮಿಷನ್ ಮರೆತು ಅಲ್ಲೇ ನಿಂತುಬಿಟ್ಟಿದ್ದೆ.

ವಿಮರ್ಶಕರು ಏನಂದರು? ವಾತಾವರಣವನ್ನ ಬಾಯ್ತುಂಬ ಹೊಗಳಿದರು. ಶತ್ರುಗಳು ಪೆದ್ದರು, ಕತ್ತಲಲ್ಲಿ ಮೂಗಿನ ಕೆಳಗೇ ನಡೆದುಹೋದರೂ ಗೊತ್ತಾಗಲ್ಲ ಅಂತ ಬೈದರು. ಹೆಂಗಸರನ್ನ ತೋರಿಸಿರೋ ರೀತಿಗೂ ಬೈದರು, ಅದು ಸರಿಯಾಗೇ ಇತ್ತು. ಕೊನೆಗೆ ಮೆಟಾಕ್ರಿಟಿಕ್‌ನಲ್ಲಿ ಪಿಸಿ ಆವೃತ್ತಿಗೆ 82. ಹಳೇದಕ್ಕೆ 81 ಬಂದಿತ್ತು. ಮೂರು ವರ್ಷದ ಬೆವರಿಗೆ ಒಂದು ಪಾಯಿಂಟು!

ಆಮೇಲೆ ಶುರುವಾಗಿದ್ದು ನೋಡಿ ಮಜಾ. ಗೇಮ್ ಬಂದ ಅದೇ ತಿಂಗಳು ಜೇಸನ್ ರೂಬಿನ್ ಒಂದು ಲೇಖನ ಬರೆದ. ಇವನು ಟಿಎಚ್‌ಕ್ಯೂ ಅನ್ನೋ ಪ್ರಕಾಶನ ಕಂಪನಿಯ ಕೊನೆಯ ಅಧ್ಯಕ್ಷ. ಆ ಕಂಪನಿ 2012ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿ, ಮುಂದಿನ ತಿಂಗಳು ಅದರ ಆಸ್ತಿಯೆಲ್ಲ ಹರಾಜಾಗಿ, ಈ ಗೇಮು ಡೀಪ್ ಸಿಲ್ವರ್ ಕೈಗೆ ಹೋಗಿತ್ತು. ಅಂದರೆ ಗೇಮು ಗೆದ್ದರೂ ರೂಬಿನ್‌ಗೆ ಕಾಸು ಬರ್ತಿರಲಿಲ್ಲ. ಅವನು ಹೇಳಿದ್ದು ಇಷ್ಟು: ಇದನ್ನ ಮಾಡಿದ ಕೀವ್ ನಗರದ 4ಎ ಗೇಮ್ಸ್ ತಂಡದ ಬಜೆಟ್ಟು ದೊಡ್ಡ ಪ್ರತಿಸ್ಪರ್ಧಿಗಳ ಹತ್ತನೇ ಒಂದು ಭಾಗ ಮಾತ್ರ. ಹುಡುಗರು ಮದುವೆ ಮನೆಯ ಮಡಚೋ ಕುರ್ಚಿಗಳಲ್ಲಿ, ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತು ಕೋಡ್ ಬರೀತಿದ್ದರು. ಚಳಿಗಾಲದಲ್ಲಿ ಹೀಟರ್ ಇಲ್ಲ, ಕರೆಂಟು ಹೋಗ್ತಿತ್ತು. ಹೊಸ ಡೆವಲಪ್‌ಮೆಂಟ್ ಕಿಟ್ ಬೇಕಂದ್ರೆ ಯಾರಾದರೂ ಅಮೆರಿಕಾಗೆ ಹೋಗಿ ಬೆನ್ನಿನ ಚೀಲದಲ್ಲಿ ಅಡಗಿಸಿ ತರಬೇಕಿತ್ತು, ಇಲ್ಲದಿದ್ರೆ ಕಸ್ಟಮ್ಸ್‌ನವರು ನುಂಗಿಹಾಕ್ತಿದ್ರಂತೆ. ಇದರ ಮೇಲೆ ಮಲ್ಟಿಪ್ಲೇಯರ್ ಸೇರಿಸಿ ಅಂತ ಟಿಎಚ್‌ಕ್ಯೂನ ಕಾಟ ಬೇರೆ. ಸಮಾನ ಮೈದಾನದಲ್ಲಿ ಆಡದ ಈ ಹುಡುಗರಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ ಅಂತ ಅವನ ವಾದ.

ಇದಕ್ಕೆ 4ಎ ತಂಡದ ಕ್ರಿಯೇಟಿವ್ ಡೈರೆಕ್ಟರ್ ಆಂಡ್ರೂ ಪ್ರೊಖೊರೊವ್ ಕೊಟ್ಟ ಉತ್ತರವನ್ನ ನಾನು ಎರಡು ಸಲ ಓದಿದೆ. ನಮ್ಮ ಪರಿಸ್ಥಿತಿ ಕಷ್ಟದ್ದೇ ಹೌದು ಅಂತ ಒಪ್ಪಿಕೊಂಡ. ಆದರೆ ನಮಗೆ ಬಂದ ಮಾರ್ಕ್ಸಿಗೆ ನಾವು ಅರ್ಹರೇ, ಕೊಳ್ಳುವವನಿಗೆ ನಮ್ಮ ಕಷ್ಟ ಕಟ್ಟಿಕೊಂಡು ಏನಾಗಬೇಕು, ಅದೇ ಸರಿ ಕೂಡ, ನಮಗೆ ರಿಯಾಯಿತಿ ಬೇಡ ಅಂದ.

ಸಲಾಂ ಹೊಡೀಬೇಕು ಅನ್ನಿಸ್ತು. ನಮ್ಮ ಕೆಲಸದಲ್ಲೂ ಅಷ್ಟೇ ತಾನೇ? ಬಿಲ್ಡ್ ಮುರಿದಿದ್ದರೆ ಕ್ಲೈಂಟಿಗೆ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಕಥೆ ಬೇಡ. ರಿಯಾಯಿತಿ ಮಾರ್ಕ್ಸಿನಲ್ಲಿ ಒಂದು ಸಣ್ಣ ಅವಮಾನವೂ ಇದೆ. 'ಇವರ ಕೈಲಿ ಇಷ್ಟೇ ಆಗೋದು' ಅಂತ ಮೊದಲೇ ತೀರ್ಮಾನಿಸಿದಂತೆ. (ನಾವು ಕನ್ನಡ ಬ್ಲಾಗಿಗರು ಒಬ್ಬರಿಗೊಬ್ಬರು ಹಾಕೋ 'ಚೆನ್ನಾಗಿದೆ, ಹೀಗೇ ಬರೀತಿರಿ' ಕಮೆಂಟು ನೆನಪಾಯ್ತು. ಹೊಡೀಬೇಡಿ!) ಬಡತನದಲ್ಲೇ ಒಳ್ಳೆ ಕಲೆ ಹುಟ್ಟೋದು ಅಂತ ಕೆಲವರು ಕವಿತ್ವ ಕಟ್ತಾರಲ್ಲ, ಅದಂತೂ ನನಗೆ ಆಗಿಬರಲ್ಲ. ಒಳ್ಳೆ ಕುರ್ಚಿ, ಬೆಚ್ಚಗಿನ ಕೋಣೆ ಸಿಕ್ಕಿದ್ದಿದ್ರೆ ಆ ಶತ್ರುಗಳ ಬುದ್ಧಿಯೂ ಸ್ವಲ್ಪ ಚುರುಕಾಗಿರ್ತಿತ್ತೋ ಏನೋ.

ಹಾಗಂತ ವಿಮರ್ಶಕರನ್ನ ಸುಮ್ಮನೆ ಬಿಡೋಕೂ ಮನಸ್ಸಿಲ್ಲ. ಈ ಗೇಮಿನಲ್ಲಿ ರೇಂಜರ್ ಮೋಡ್ ಅಂತ ಇದೆ. ಪರದೆ ಮೇಲೆ ಗುಂಡಿನ ಲೆಕ್ಕ ಇರಲ್ಲ, ಗುಂಡೂ ಕಡಿಮೆ, ಎರಡೇಟು ಬಿದ್ರೆ ಶಿವಾ ಅಂತ ಸಾಯ್ತೀರಿ. ಗೇಮನ್ನ ಹೀಗೇ ಆಡಬೇಕು ಅಂತ ಜಾಹೀರಾತೂ ಮಾಡಿದ್ದರು. ಅಂಥದ್ದನ್ನ ಡೀಪ್ ಸಿಲ್ವರ್‌ನವರು ಮುಂಗಡ ಬುಕ್ ಮಾಡಿದವರಿಗೆ ಮಾತ್ರ ಕೊಟ್ಟು, ಉಳಿದವರಿಗೆ 5 ಡಾಲರಿಗೆ ಬೇರೆಯಾಗಿ ಮಾರಿದರು. ಅಂಗಡಿಯವರು ಮುಂಗಡ ಬುಕಿಂಗಿಗೆ ಏನಾದರೂ ವಿಶೇಷ ಕೇಳ್ತಾರೆ ಅನ್ನೋದು ಅವರ ಸಮಜಾಯಿಷಿ. ಈಗ ಯೋಚಿಸಿ. ಗೇಮು ಸುಲಭ ಆಯ್ತು ಅನ್ನೋದು ಬೈಗುಳ, ಆ ಬೈಗುಳಕ್ಕೆ ಅರ್ಧ ಉತ್ತರ ಇದ್ದ ಭಾಗವನ್ನೇ ಕತ್ತರಿಸಿ ಬೇರೆ ಡಬ್ಬಿಯಲ್ಲಿ ಮಾರಾಟ! ಕೀವ್‌ನ ಹುಡುಗರು ಮಾಡಿದ್ದನ್ನ ಮಾರಾಟದವರು ಕಿತ್ತಿಟ್ಟುಕೊಂಡರು, ಮಾರ್ಕ್ಸು ಕಳೆದದ್ದು ಹುಡುಗರ ಲೆಕ್ಕದಲ್ಲಿ. ಇದನ್ನ ಬಿಡಿಸಿ ಬರೆಯೋಕೆ ಕನಿಕರ ಬೇಕಿಲ್ಲ, ಯಾರು ಏನು ಮಾಡಿದರು ಅನ್ನೋ ವರದಿ ಸಾಕು. 2014ರ ರೀಡಕ್ಸ್ ಆವೃತ್ತಿಯಲ್ಲಿ ಅದನ್ನ ಸೇರಿಸಿಯೇ ಕೊಟ್ಟರು. ಆಡೋದಾದ್ರೆ ಅದನ್ನೇ ಆಡಿ.

ಇದೆಲ್ಲ ಈಗ ಯಾಕೆ ಅಂದರೆ, ಅದೇ ಊರು ಅದೇ ಪ್ರಶ್ನೆ ಮತ್ತೆ ಕೇಳಿತು. 4ಎ ಕಟ್ಟಿದವರು ಮೊದಲಿದ್ದದ್ದು ಕೀವ್‌ನ ಜಿಎಸ್‌ಸಿ ಗೇಮ್ ವರ್ಲ್ಡ್‌ನಲ್ಲಿ. ಆ ಜಿಎಸ್‌ಸಿಯ 'ಸ್ಟಾಕರ್ 2' ಬಂದದ್ದು 2024ರ ನವೆಂಬರ್ 20ಕ್ಕೆ. ಈ ಸಲ ಕಷ್ಟ ಮಡಚೋ ಕುರ್ಚಿಯದ್ದಾಗಿರಲಿಲ್ಲ. 2022ರ ಫೆಬ್ರವರಿಯಲ್ಲಿ ರಷ್ಯಾ ದಾಳಿ ಮಾಡಿತು, ತಂಡದ ಒಂದು ಭಾಗ ಪ್ರಾಗ್‌ಗೆ ಹೋಯ್ತು, ಕೆಲವರು ಸೈನ್ಯಕ್ಕೆ ಸೇರಿದರು. ಹಳೆಯ ಸ್ಟಾಕರ್ ಗೇಮುಗಳಲ್ಲಿ ಕೆಲಸ ಮಾಡಿದ್ದ ವೊಲೊದಿಮಿರ್ ಯೆಝೊವ್ ಅದೇ ವರ್ಷ ಡಿಸೆಂಬರಿನಲ್ಲಿ ಬಾಖ್‌ಮುತ್ ಹತ್ತಿರ ಹೋರಾಡ್ತಾ ಸತ್ತ.

ಗೇಮು ಬಂತು, ತುಂಬ ಬಗ್ಗುಗಳ ಜೊತೆ ಬಂತು. ಆಟಗಾರ ಇಲ್ಲದ ಕಡೆಯೂ ಪ್ರಾಣಿಗಳು, ಜನ ತಮ್ಮ ಪಾಡಿಗೆ ಬದುಕಬೇಕಾದ ಎ-ಲೈಫ್ ವ್ಯವಸ್ಥೆಯೇ ಸರಿಯಾಗಿ ಓಡ್ತಿರಲಿಲ್ಲ. ಶತ್ರುಗಳು ಬೆನ್ನ ಹಿಂದೆ ದಿಢೀರಂತ ಹುಟ್ಟಿಕೊಳ್ತಿದ್ದರು. ವಿಮರ್ಶಕರು ಅದನ್ನ ಮುಚ್ಚಿಡಲಿಲ್ಲ, ಸರಾಸರಿ 70 ದಾಟಿತು, 80 ಮುಟ್ಟಲಿಲ್ಲ. ಜನ ಎರಡೇ ದಿನದಲ್ಲಿ 10 ಲಕ್ಷ ಪ್ರತಿ ಕೊಂಡರು. ಡಿಸೆಂಬರಿನಲ್ಲಿ ಬಂದ ಒಂದೇ ಪ್ಯಾಚಿನಲ್ಲಿ 1,800ಕ್ಕೂ ಹೆಚ್ಚು ತಿದ್ದುಪಡಿ. ನಾನೂ ಅದೇ ಕಸುಬಿನವನು, ಆ ಸಂಖ್ಯೆ ನೋಡಿ ಹೊಟ್ಟೆಯಲ್ಲಿ ಒಂಥರಾ ಆಯ್ತು. ಸೈರನ್ ಕೂಗೋ ಊರಿನಲ್ಲಿ ಕೂತು ಯಾರೋ ಆ ಪಟ್ಟಿಯನ್ನ ಒಂದೊಂದಾಗಿ ಮುಚ್ಚಿದ್ದಾರೆ.

ಆದರೂ ಬಿಡುಗಡೆ ದಿನದ ಗೇಮಿಗೆ ಆ ಮಾರ್ಕ್ಸು ಸರಿಯೇ. ನಾನು ಕೊಟ್ಟಿದ್ದರೆ 75 ಕೊಡ್ತಿದ್ದೆ, ಒಂದು ಪಾಯಿಂಟೂ ಯುದ್ಧಕ್ಕಾಗಿ ಅಲ್ಲ. ಜೊತೆಗೆ ಅದು ಯಾವ ಆವೃತ್ತಿ, ಯಾವ ತಾರೀಖು ಅಂತ ಪಕ್ಕದಲ್ಲೇ ಬರೀತಿದ್ದೆ. ಪ್ಯಾಚ್ ಬಂದ ಮೇಲೂ ಆ ನವೆಂಬರಿನ ಸಂಖ್ಯೆಯೇ ಪುಟದ ಮೇಲೆ ಕೂತಿರುತ್ತಲ್ಲ, ಅಲ್ಲಿ ನನ್ನ ತಕರಾರು. ನಮ್ಮ ಕೋಡಿಗೆ ವರ್ಷನ್ ನಂಬರ್ ಇರೋವಾಗ ವಿಮರ್ಶೆಗೆ ಯಾಕೆ ಬೇಡ?

ನೀವೇನಂತೀರಿ? ಯುದ್ಧಕ್ಕೆ ನೀವಾದ್ರೆ ಎಷ್ಟು ಮಾರ್ಕ್ಸು ಸೇರಿಸ್ತಿದ್ರಿ?