ಕೋಲಾರದ ಎಸ್‌ಪಿ ಅವರಿಗೆ: ಬೀಟ್ ಪೊಲೀಸರಿಗೆ ಕೇರಿಯ ದಾರಿ ತೋರಿಸಿ

ಮಾನ್ಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳೇ,

ಕೆಜಿಎಫ್ ಕಡೆಗೆ ಬೇರೆಯೇ ಎಸ್‌ಪಿ ಇರುವುದರಿಂದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಿಮ್ಮ ಪಾಲಿಗೆ ಬಂದಿವೆ. 2025ರ ಜುಲೈನಲ್ಲಿ ಗೃಹ ಸಚಿವ ಜಿ. ಪರಮೇಶ್ವರ ಅವರು ‘ಮನೆ ಮನೆಗೆ ಪೊಲೀಸ್’ ಯೋಜನೆಗೆ ಚಾಲನೆ ಕೊಟ್ಟರು. ಬೀಟ್ ಪೊಲೀಸರು ಮನೆ ಬಾಗಿಲಿಗೆ ಬರುವುದು ಒಳ್ಳೆಯದೇ. ಆದರೆ ಬಂದವರು ಏನು ಕೇಳಬೇಕು, ಕೇಳಿದ್ದನ್ನು ಇಟ್ಟುಕೊಂಡು ಏನು ಮಾಡಬೇಕು ಎಂಬುದನ್ನು ಅವರಿಗೆ ಕಲಿಸುವವರು ಯಾರು?

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾನೂನು ಪ್ರಾಧ್ಯಾಪಕರಾಗಿದ್ದ ಹರ್ಮನ್ ಗೋಲ್ಡ್‌ಸ್ಟೀನ್, ಪೊಲೀಸ್ ಕೆಲಸದ ಬಗ್ಗೆ 1979ರಲ್ಲಿ ಬರೆದ ಲೇಖನವನ್ನು ಇಂಗ್ಲೆಂಡಿನ ಒಂದು ಬಸ್ ಸುದ್ದಿಯಿಂದ ಶುರು ಮಾಡಿದ್ದರು. ಕಾದು ನಿಂತ ಜನರತ್ತ ಡ್ರೈವರ್‌ಗಳು ನಕ್ಕು ಕೈ ಬೀಸಿ, ಬಸ್ ನಿಲ್ಲಿಸದೆ ಹೋಗುತ್ತಿದ್ದರಂತೆ. ಜನರನ್ನು ಹತ್ತಿಸಿಕೊಳ್ಳುತ್ತಾ ಕೂತರೆ ಟೈಮಿಗೆ ಸರಿಯಾಗಿ ಓಡಿಸುವುದು ಹೇಗೆ ಎಂಬುದು ಸಮಜಾಯಿಷಿ. (ನಮ್ಮ ಹಳ್ಳಿ ಸ್ಟಾಪುಗಳಲ್ಲಿ ನಿಂತವರಿಗೆ ಇದು ಹೊಸ ಕಥೆಯಲ್ಲ.) ಪೊಲೀಸ್ ಇಲಾಖೆಗೂ ಇದೇ ರೋಗ ಎಂದರು ಗೋಲ್ಡ್‌ಸ್ಟೀನ್. ಗಸ್ತಿನ ಲೆಕ್ಕ ಸರಿಯಿರುತ್ತದೆ, ಜನರ ತೊಂದರೆ ಇದ್ದಲ್ಲೇ ಇರುತ್ತದೆ.

ನಮ್ಮಲ್ಲಿ ಬೋರ್‌ವೆಲ್ ಕೇಬಲ್ ಕಳವನ್ನೇ ನೋಡಿ. ಕಳೆದುಕೊಂಡವರಲ್ಲಿ ಎಷ್ಟೋ ಜನ ಠಾಣೆ ಅಲೆಯುವುದು ಯಾಕೆಂದು ದೂರೇ ಕೊಡುವುದಿಲ್ಲ. ಕೊಟ್ಟವರ ದೂರುಗಳು ಒಂದೊಂದೂ ಒಂದೊಂದು ಕಡೆ. ಎಲ್ಲವನ್ನೂ ಒಂದೇ ನಕ್ಷೆಯ ಮೇಲೆ ಗುರುತು ಹಾಕಿ, ತ್ರೀ ಫೇಸ್ ಕರೆಂಟ್ ಇಲ್ಲದ ಹೊತ್ತಿಗೆ ಹೊಂದಿಸಿ, ಬೆಸ್ಕಾಂ ಲೈನ್‌ಮನ್‌ನನ್ನೂ ಗುಜರಿ ಅಂಗಡಿಯವನನ್ನೂ ಕೂರಿಸಿಕೊಂಡು ಮಾತಾಡಿದರೆ ಕಳ್ಳನ ದಾರಿ ಕಾಣುತ್ತದೆ. ಇದನ್ನು ಕಾನ್‌ಸ್ಟೆಬಲ್ ಮಾಡಬಲ್ಲರು, ಹೇಳಿಕೊಟ್ಟರೆ. ಬೆಳೆ ಕಳವಿನ ಕಥೆಯೂ ಇದೇ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ ₹2,000 ದಾಟಿದಾಗ ರೈತರು ತೋಟ ಕಾಯುತ್ತಾ ರಾತ್ರಿ ಕಳೆದರು. ಬೆಲೆ ಏರಿದ ಕಡೆ ಕಳ್ಳ ಬರುತ್ತಾನೆಂದು ತಿಳಿಯಲು ಗುಪ್ತಚರ ವರದಿ ಬೇಕೇ?

ಇದಕ್ಕಿಂತ ಕಷ್ಟದ ಮಾತು ಇನ್ನೊಂದಿದೆ. 2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ, ದೇವರ ಉತ್ಸವದ ಕೋಲು ಮುಟ್ಟಿದನೆಂದು ದಲಿತ ಬಾಲಕನ ಮನೆಯವರಿಗೆ ₹60,000 ದಂಡ ಹಾಕಿದರು. ಮಾಸ್ತಿ ಠಾಣೆಯಲ್ಲಿ ಪ್ರಕರಣ ದಾಖಲಾದದ್ದು ಎಷ್ಟೋ ದಿನ ಕಳೆದ ಮೇಲೆ. ಊರವರು ಸೇರಿ ದಂಡ ಹಾಕುವ ತನಕ ಠಾಣೆಗೆ ಸುದ್ದಿ ಮುಟ್ಟದೆ ಹೋಗುವುದು ಹೇಗೆ? ಹಳ್ಳಿಗೆ ಬಂದ ಪೊಲೀಸರಿಗೆ ಕುರ್ಚಿ ಹಾಕಿ ಟೀ ಕೊಡುವವರು ಯಾರೆಂದು ನಮಗೆಲ್ಲ ಗೊತ್ತು. ದಂಡ ಹಾಕುವ ಪಂಚಾಯಿತಿಯಲ್ಲಿ ಕೂರುವವರೂ ಸಾಮಾನ್ಯವಾಗಿ ಅವರೇ. ಜನಸ್ನೇಹಿ ಪೊಲೀಸ್ ಎಂದರೆ ಅಂಥವರ ಸ್ನೇಹವಷ್ಟೇ ಆದರೆ ಕೇರಿಯವರಿಗೆ ಅದರಿಂದ ಕೆಡುಕೇ ಹೆಚ್ಚು. ಬೀಟ್ ಪೊಲೀಸರು ಊರಿಗೆ ಬಂದರೆ ಮೊದಲು ಕೇರಿಗೆ ಹೋಗಲಿ. ತರಬೇತಿಯ ಮೊದಲ ಪಾಠ ಇದಾಗಲಿ.

ಭಾಷೆಯ ಮಾತೂ ಇದೆ. ಮುಳಬಾಗಿಲಿನ ನಂಗಲಿ ಗಡಿಯಲ್ಲಿ ತೆಲುಗು ಬಾರದ ಪೊಲೀಸರಿಗೆ ಮನೆಯೊಳಗಿನ ಕಷ್ಟ ಯಾರು ಹೇಳುತ್ತಾರೆ? ನರಸಾಪುರ, ಮಾಲೂರಿನ ಬಾಡಿಗೆ ಕೋಣೆಗಳಲ್ಲಿರುವ ಹೊರಗಿನ ಕಾರ್ಮಿಕರ ಹತ್ತಿರ ಹಿಂದಿ ಬೇಕು. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳ ಸರಿಯಾಗಿ ಸಿಗದ ಕಾರ್ಮಿಕರು ಗಾಜು ಒಡೆಯುವ ಮೊದಲೇ ಆ ಸಿಟ್ಟು ಅವರ ನಡುವೆ ಮಾತಾಗಿತ್ತು.

ಕಲಿಸುವುದು ಸಭಾಂಗಣದಲ್ಲಿ ಬೇಡ. ಪವರ್‌ಪಾಯಿಂಟ್ ನೋಡುತ್ತಾ ಯಾರೂ ಹಳ್ಳಿ ಕಲಿತಿಲ್ಲ. ಅವರವರ ಬೀಟಿನ ಒಂದು ತೊಂದರೆಯನ್ನೇ ಪಾಠವಾಗಿ ಕೊಡಿ, ಅದು ಬಗೆಹರಿಯಿತೇ ಎಂದು ಆರು ತಿಂಗಳ ಮೇಲೆ ಅದೇ ಊರಿಗೆ ಹೋಗಿ ಕೇಳಿ. ಕಲಿತವರ ಬೀಟನ್ನು ಎರಡು ವರ್ಷ ಬದಲಿಸಬೇಡಿ, ಬೇರೆ ಕೆಲಸಕ್ಕೂ ಎಳೆಯಬೇಡಿ. ಸಚಿವರ ಬಂದೋಬಸ್ತಿಗೆ ಮೊದಲು ಎಳೆದುಕೊಳ್ಳುವುದು ಬೀಟಿನವರನ್ನೇ ಎಂಬುದು ನಿಮಗೆ ಗೊತ್ತಿರುವ ವಿಷಯ.

ಮುಂದಿನ ಮಾವಿನ ಸುಗ್ಗಿಗೆ ಮುಂಚೆ, ನಾಲ್ಕು ತಾಲ್ಲೂಕಿನಲ್ಲೂ ಒಂದೊಂದು ಠಾಣೆ ಆರಿಸಿ ಈ ತರಬೇತಿಯನ್ನು ಶುರು ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಶ್ರೀನಿವಾಸಪುರ ತಾಲ್ಲೂಕಿನ ಒಬ್ಬ ಮಾವು ಬೆಳೆಗಾರ